ಬ್ರೋಕ್ ವಿಂಡೋ, ಅಟ್ಯಾಚ್ ಫೈಲ್, ಕನ್ಸರ್ನ್ಡ್ ಆಫೀಸರ್: ಇಂಗ್ಲಿಷ್ ಬರಹದ ವಿ-3 ವಿಶೇಷಣಗಳ ದೋಷ ನಿವಾರಣೆ ಕೈಪಿಡಿ

ಶಾಲೆಯಲ್ಲಿ ‘ವಿ-3’ ಎಂದು ಬಾಯಿಪಾಠ ಮಾಡಿಸುವ ಪಾಸ್ಟ್ ಪಾರ್ಟಿಸಿಪಲ್‌ಗೆ ಇಂಗ್ಲಿಷಿನಲ್ಲಿ ಎರಡು ಉದ್ಯೋಗ. ‘ಹ್ಯಾವ್’ ಅಥವಾ ‘ಬಿ’ ಜೊತೆ ಸೇರಿ ಕ್ರಿಯಾಪದವನ್ನು ಪೂರ್ತಿ ಮಾಡುವುದು ಒಂದು, ನಾಮಪದದ ಪಕ್ಕ ನಿಂತು ಅದರ ಸ್ಥಿತಿ ಹೇಳುವುದು ಇನ್ನೊಂದು. ‘ದೇ ಹ್ಯಾವ್ ಬ್ರೋಕನ್ ದಿ ವಿಂಡೋ’ ಎಂಬಲ್ಲಿ ಮೊದಲನೆಯದು, ‘ಎ ಬ್ರೋಕನ್ ವಿಂಡೋ’ ಎಂಬಲ್ಲಿ ಎರಡನೆಯದು. ಮೊದಲ ಕೆಲಸವನ್ನು ಸರಿಯಾಗಿ ಮಾಡಿಸುವವರೂ ಎರಡನೆಯದರಲ್ಲಿ ಎಡವುತ್ತಾರೆ. ಕ್ರಿಯಾಪದದ ಪಾಠ ಒಂದು ಕಡೆ, ವಿಶೇಷಣದ ಪಾಠ ಇನ್ನೊಂದು ಕಡೆ ಇರುವುದರಿಂದ ಇದು ನಡುವೆ ಬಿದ್ದುಹೋಗಿರುತ್ತದೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ದೋಷದ ಬೇರು ಬಹುಮಟ್ಟಿಗೆ ಒಂದೇ ಕಡೆ ಇದೆ. ನಮ್ಮ ‘ಬರೆದ’ ಎಂಬ ಕೃದಂತ ಯಾರ ಪಕ್ಕದಲ್ಲಿ ಬೇಕಾದರೂ ನಿಲ್ಲುತ್ತದೆ: ಬರೆದ ಪತ್ರ, ಬರೆದ ಹುಡುಗಿ, ಬರೆದ ಪೆನ್ನು, ಬರೆದ ದಿನ. ಕರ್ತೃ, ಕರ್ಮ, ಸಾಧನ, ಸಮಯ ಎಲ್ಲಕ್ಕೂ ಒಂದೇ ರೂಪ. ‘ರಿಟನ್’ ಹಾಗಲ್ಲ. ಅದಕ್ಕೆ ಸಾಮಾನ್ಯವಾಗಿ ಕರ್ಮದ ಪಕ್ಕದಲ್ಲಿ ಮಾತ್ರ ಜಾಗ. ‘ಎ ರಿಟನ್ ರಿಪ್ಲೈ’ ಸರಿ. ‘ಎ ರಿಟನ್ ಗರ್ಲ್’ ಎಂದರೆ ಹುಡುಗಿಯನ್ನೇ ಯಾರೋ ಬರೆದಂತಾಗುತ್ತದೆ. ಜೊತೆಗೆ, ಎಷ್ಟೇ ಉದ್ದದ ವಿವರಣೆಯಾದರೂ ಕನ್ನಡದಲ್ಲಿ ನಾಮಪದಕ್ಕಿಂತ ಮೊದಲೇ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಮೊದಲ ತಪಾಸಣೆ

ವಾಕ್ಯದಲ್ಲಿ ಏನೋ ಸರಿಯಿಲ್ಲ ಎನಿಸಿದಾಗ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ.

1. ಪದದ ಕೊನೆ ಪೂರ್ತಿ ಇದೆಯೇ? ವಿಶೇಷಣವನ್ನು ಕಿತ್ತು ‘ಈಸ್’ ನಂತರ ಇಟ್ಟು ನೋಡಿ. ‘ಆ್ಯನ್ ಎಕ್ಸ್‌ಪೀರಿಯನ್ಸ್ ಟೀಚರ್’ ಕಿವಿಗೆ ನುಸುಳಿಹೋಗಬಹುದು. ‘ದಿ ಟೀಚರ್ ಈಸ್ ಎಕ್ಸ್‌ಪೀರಿಯನ್ಸ್’ ಎಂದಾಗ ಕೊರತೆ ತಕ್ಷಣ ಗೊತ್ತಾಗುತ್ತದೆ.

2. ಈ ನಾಮಪದ ಕೆಲಸವನ್ನು ಮಾಡಿತೋ, ಕೆಲಸಕ್ಕೆ ಒಳಗಾಯಿತೋ? ಒಳಗಾಗಿದ್ದರೆ ವಿ-3. ಮಾಡಿದ್ದರೆ ಬಹುತೇಕ ಬೇರೆ ರೂಪ ಬೇಕು.

3. ವಿ-3ರ ಬಲಗಡೆ ಏನಾದರೂ ನೇತಾಡುತ್ತಿದೆಯೇ? ಇದ್ದರೆ ಇಡೀ ಗುಂಪು ನಾಮಪದದ ನಂತರಕ್ಕೆ ಹೋಗಬೇಕು.

ಮೂರೂ ಪ್ರಶ್ನೆ ದಾಟಿದ ಮೇಲೂ ವಾಕ್ಯ ಕುಂಟುತ್ತಿದ್ದರೆ ಮುಂದಿನ ವಿಭಾಗಗಳಲ್ಲಿ ಹುಡುಕಿ.

ಲಕ್ಷಣ: ಇ-ಡಿ ಬಿದ್ದುಹೋಗಿದೆ

‘ಅಟ್ಯಾಚ್ ಫೈಲ್’, ‘ಫಿಕ್ಸ್ ಡೆಪಾಸಿಟ್’, ‘ಡೀಟೇಲ್ ರಿಪೋರ್ಟ್’, ‘ಯೂಸ್ ಕಾರ್’, ‘ಬಯಸ್ ಒಪೀನಿಯನ್’, ‘ಓಲ್ಡ್-ಫ್ಯಾಶನ್ ಐಡಿಯಾ’. ಎಲ್ಲದರ ಕೊನೆಗೂ ಇ-ಡಿ ಬೇಕಿತ್ತು.

ಇಲ್ಲಿ ತಪ್ಪು ಮಾಡಿಸುವುದು ಕಿವಿ. ಇ-ಡಿಗೆ ಮೂರು ಉಚ್ಚಾರಗಳಿವೆ. ಕ್, ಪ್, ಸ್, ಚ್, ಶ್, ಫ್ ಧ್ವನಿಗಳ ನಂತರ ಅದು ‘ಟ್’ ಆಗುತ್ತದೆ: ಅಟ್ಯಾಚ್ಟ್, ಫಿಕ್ಸ್ಟ್. ಸ್ವರ ಮತ್ತು ಘೋಷ (ಗಂಟಲು ಕಂಪಿಸುವ) ವ್ಯಂಜನಗಳ ನಂತರ ‘ಡ್’: ಡೀಟೇಲ್ಡ್, ಕ್ಲೋಸ್ಡ್. ಟ್ ಅಥವಾ ಡ್ ನಂತರ ‘ಇಡ್’: ಲಿಮಿಟೆಡ್, ನೀಡೆಡ್. ಮೂರನೆಯದಕ್ಕೆ ಸ್ವಂತ ಸ್ವರವಿರುವುದರಿಂದ ಅದು ಕಿವಿ ತಪ್ಪಿಸಿಕೊಳ್ಳುವುದು ಕಷ್ಟ. ಮೊದಲ ಎರಡು ಮಾತ್ರ ಮುಂದಿನ ಪದದ ವ್ಯಂಜನದೊಳಗೆ ಕರಗಿಹೋಗುತ್ತವೆ. ಮುಂದಿನದು ಟ್ ಅಥವಾ ಡ್‌ನಿಂದ ಶುರುವಾದರಂತೂ ಹೇಳುವುದೇ ಬೇಡ. ‘ಫಿಕ್ಸ್ಡ್ ಡೆಪಾಸಿಟ್’ ಅನ್ನು ಬೇಗ ಹೇಳಿ ನೋಡಿ, ಕೊನೆಯ ಟಕಾರ ಮುಂದಿನ ಡಕಾರದೊಳಗೆ ಸೇರಿಹೋಗುತ್ತದೆ. ಆದ್ದರಿಂದ ಕರಡು ತಿದ್ದುವಾಗ ಟ್, ಡ್ ಬಿಟ್ಟು ಬೇರೆ ಧ್ವನಿಯಲ್ಲಿ ಮುಗಿಯುವ ಕ್ರಿಯಾಪದಗಳನ್ನೇ ಮೊದಲು ಹಿಡಿಯಿರಿ.

ಆದರೆ ಇ-ಡಿ ಕಾಣದ ಕಡೆಯೆಲ್ಲ ಅಂಟಿಸಲೂ ಹೋಗಬೇಡಿ. ‘ಅಡ್ವಾನ್ಸ್ ಪೇಮೆಂಟ್’ ಸರಿ, ಅಲ್ಲಿ ‘ಅಡ್ವಾನ್ಸ್’ ಎಂದರೆ ಮುಂಗಡ. ‘ಅಡ್ವಾನ್ಸ್ಡ್ ಕೋರ್ಸ್’ ಕೂಡ ಸರಿ, ಅಲ್ಲಿ ಅದು ಮೇಲಿನ ಹಂತದ್ದು. ಅದಲು ಬದಲಾದರೆ ಅರ್ಥವೇ ಕೆಡುತ್ತದೆ. ಹಿಂದೆ ‘ಐಸ್ಡ್ ಕ್ರೀಮ್’ ಆಗಿದ್ದದ್ದು ಬಳಕೆಯಲ್ಲಿ ಸವೆದು ‘ಐಸ್ ಕ್ರೀಮ್’ ಆಯಿತು. ಬ್ರಿಟಿಷರ ‘ಸ್ಕಿಮ್ಡ್ ಮಿಲ್ಕ್’ ಅಮೆರಿಕನ್ನರಿಗೆ ‘ಸ್ಕಿಮ್ ಮಿಲ್ಕ್’. ‘ರೋಸ್ಟ್ ಚಿಕನ್’ಗೂ ಇ-ಡಿ ಬೇಕಿಲ್ಲ. ಈ ಪಟ್ಟಿ ಬಳಕೆಯಿಂದ ಗಟ್ಟಿಯಾದದ್ದು, ಅದಕ್ಕೆ ಹೊಸದಾಗಿ ‘ಫ್ರೈ ಚಿಕನ್’ ಸೇರಿಸುವ ಅಧಿಕಾರ ನಮಗಿಲ್ಲ.

ಲಕ್ಷಣ: ವಿ-3 ಇರಬೇಕಾದಲ್ಲಿ ವಿ-2 ಕೂತಿದೆ

‘ಬ್ರೋಕ್ ವಿಂಡೋ’, ‘ಸ್ಟೋಲ್ ಫೋನ್’, ‘ಸ್ಪೋಕ್ ಇಂಗ್ಲಿಷ್’, ‘ಟೋರ್ ಪೇಪರ್’. ಇ-ಡಿ ಹಚ್ಚಿಕೊಳ್ಳುವ ಕ್ರಿಯಾಪದಗಳಲ್ಲಿ ವಿ-2 (ಭೂತಕಾಲದ ರೂಪ), ವಿ-3 ಒಂದೇ ಆಗಿರುವುದರಿಂದ ಯಾವುದನ್ನು ಬಳಸುತ್ತಿದ್ದೇವೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅನಿಯಮಿತ ಕ್ರಿಯಾಪದ ಬಂದಾಗ ಬಣ್ಣ ಬಯಲಾಗುತ್ತದೆ. ಪರೀಕ್ಷೆ ಸುಲಭ: ಮುಂದೆ ‘ಹ್ಯಾಸ್ ಬೀನ್’ ಇಡಿ. ‘ಹ್ಯಾಸ್ ಬೀನ್ ಸ್ಟೋಲನ್’ ಎನ್ನುವುದಾದರೆ ‘ಸ್ಟೋಲನ್ ಫೋನ್’.

ಇದರ ತಿರುವುಮುರುವು ದೋಷವೂ ಇದೆ. ಕಟ್, ಹರ್ಟ್, ಸ್ಪ್ಲಿಟ್, ಕಾಸ್ಟ್, ಬರ್ಸ್ಟ್ ಇವು ಮೂರೂ ರೂಪಗಳಲ್ಲಿ ಬದಲಾಗುವುದಿಲ್ಲ. ‘ಕಟ್ ಫ್ಲವರ್ಸ್’, ‘ಎ ಬರ್ಸ್ಟ್ ಪೈಪ್’ ಸರಿ. ‘ಬರ್ಸ್ಟೆಡ್ ಪೈಪ್’ ಇಲ್ಲ.

ಕೆಲವು ಕ್ರಿಯಾಪದಗಳಿಗೆ ಎರಡೆರಡು ವಿ-3 ಉಳಿದುಕೊಂಡಿವೆ. ಹಳೆಯದು ವಿಶೇಷಣದ ಕೆಲಸಕ್ಕೆ, ಹೊಸದು ಕ್ರಿಯಾಪದದ ಕೆಲಸಕ್ಕೆ ಎಂಬಂತೆ ಪಾಲು ಹಂಚಿಕೊಂಡಿವೆ. ‘ದಿ ಶಿಪ್ ಹ್ಯಾಸ್ ಸಂಕ್’, ಆದರೆ ‘ಎ ಸಂಕನ್ ಶಿಪ್’. ‘ದಿ ಕ್ಲಾತ್ ಹ್ಯಾಸ್ ಶ್ರಂಕ್’, ಆದರೆ ‘ಎ ಶ್ರಂಕನ್ ಫೇಸ್’. ‘ಹಿ ಹ್ಯಾಸ್ ಶೇವ್ಡ್’, ಆದರೆ ‘ಕ್ಲೀನ್-ಶೇವನ್’. ‘ಮೋಲ್ಟನ್’ ಎಂದರೆ ಲೋಹ, ಗಾಜು, ಲಾವಾದಂಥ ವಿಪರೀತ ಕಾವಿನಲ್ಲಿ ಕರಗುವಂಥವು. ಬೆಣ್ಣೆ, ಹಿಮ, ಚಾಕೊಲೇಟಿಗೆ ‘ಮೆಲ್ಟೆಡ್’. ‘ಮೋಲ್ಟನ್ ಬಟರ್’ ಎಂದು ಬರೆದರೆ ಓದುಗರಿಗೆ ಕುಲುಮೆ ನೆನಪಾಗುತ್ತದೆ. ‘ಡ್ರಂಕನ್’ ನಾಮಪದಕ್ಕೆ ಮೊದಲು ಮಾತ್ರ, ‘ಎ ಡ್ರಂಕನ್ ಕ್ವಾರಲ್’ ಎಂಬಂತೆ. ‘ಈಸ್’ ನಂತರ ಯಾವಾಗಲೂ ‘ಡ್ರಂಕ್’. ಕುಡಿದು ವಾಹನ ಓಡಿಸುವವರು ಮಾತ್ರ ‘ಡ್ರಂಕ್ ಡ್ರೈವರ್’ ಎಂದೇ ರೂಢಿ.

ಕಾಗುಣಿತದಲ್ಲಿ ಎರಡು ಕಡೆ ಎಚ್ಚರ ಬೇಕು. ‘ಪ್ಲ್ಯಾನ್ಡ್’ ಬರೆಯುವಾಗ ಎರಡು ‘ಎನ್’ ಇರಲಿ. ಒಂದೇ ಹಾಕಿದರೆ ಅದು ಮರದ ಮೈ ಹೆರೆದು ನಯ ಮಾಡಿದ್ದು ಎಂದಾಗುತ್ತದೆ. ‘ಆರ್’ ಒಂದಿದ್ದರೆ ‘ಸ್ಕೇರ್ಡ್’, ಹೆದರಿದ; ಎರಡಿದ್ದರೆ ‘ಸ್ಕಾರ್ಡ್’, ಗಾಯದ ಕಲೆಯುಳ್ಳ. ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ನಾಲ್ಕೂ ಸರಿಯಾದ ಪದಗಳೇ, ಹಾಗಾಗಿ ಅದು ಎಚ್ಚರಿಸದೆ ಇರಬಹುದು.

ಲಕ್ಷಣ: ದಿಕ್ಕು ತಪ್ಪಿದೆ

‘ಐ ಆ್ಯಮ್ ಬೋರಿಂಗ್’ ಎಂದು ಬರೆದವರು ಹೇಳಹೊರಟಿದ್ದು ತಮಗೆ ಬೇಸರವಾಗಿದೆ ಎಂದು. ಹೇಳಿದ್ದು ತಾವು ಬೇಸರ ಹುಟ್ಟಿಸುವ ಮನುಷ್ಯ ಎಂದು. ಐ-ಎನ್-ಜಿ ಎಂದರೆ ‘-ಉವ’, ಇ-ಡಿ ಎಂದರೆ ‘-ಇದ’ ಎಂದು ಕಾಲದ ಲೆಕ್ಕದಲ್ಲಿ ಹೊಂದಿಸಿಕೊಂಡಿರುವುದೇ ಇದಕ್ಕೆ ಕಾರಣ. ಭಾವನೆಯ ಪದಗಳಲ್ಲಿ ಕಾಲದ ಪ್ರಶ್ನೆಯೇ ಇಲ್ಲ. ‘ಯು ವಿಲ್ ಬಿ ಬೋರ್ಡ್ ಟುಮಾರೋ’ ಎಂದು ನಾಳೆಯ ಬೇಸರಕ್ಕೂ ಇ-ಡಿಯೇ ಬರುತ್ತದೆ. ಭಾವನೆಯನ್ನು ಹುಟ್ಟಿಸಿದ್ದಕ್ಕೆ ಐ-ಎನ್-ಜಿ, ಭಾವನೆ ಯಾರಲ್ಲಿ ಹುಟ್ಟಿತೋ ಅವರಿಗೆ ಇ-ಡಿ. ಕನ್‌ಫ್ಯೂಸ್, ಇಂಟರೆಸ್ಟ್, ಟೈರ್, ಶಾಕ್, ಡಿಸಪಾಯಿಂಟ್, ಎಂಬರಾಸ್ ಎಲ್ಲವೂ ಈ ನಿಯಮಕ್ಕೇ ಒಳಪಟ್ಟಿವೆ.

ಜೀವವಿಲ್ಲದ ವಸ್ತುವಿಗೆ ಭಾವನೆಯ ಇ-ಡಿ ಬಂದಿದ್ದರೆ ಅನುಮಾನಪಡಿ. ‘ಎ ಕನ್‌ಫ್ಯೂಸ್ಡ್ ಸೈನ್‌ಬೋರ್ಡ್’ ಆಗದು, ಗೊಂದಲ ಓದುವವರಲ್ಲಿದೆ, ಫಲಕದಲ್ಲಲ್ಲ. ಆದರೆ ಮನಸ್ಸಿನ ಕನ್ನಡಿಯಾಗುವ ಮುಖ, ದನಿ, ನೋಟ, ಮೌನಗಳಿಗೆ ಇ-ಡಿ ಸಲ್ಲುತ್ತದೆ: ‘ಎ ವರೀಡ್ ಲುಕ್’, ‘ಎ ಪಜಲ್ಡ್ ಎಕ್ಸ್‌ಪ್ರೆಶನ್’.

ಇನ್ನು ಅಕರ್ಮಕ ಕ್ರಿಯಾಪದಗಳು. ಹೆಚ್ಚು ತಲೆನೋವು ಇಲ್ಲೇ. ಸತ್ತ ಮನುಷ್ಯ, ಮಲಗಿದ ಮಗು, ಬಂದ ಅತಿಥಿಗಳು ಎಂದು ನಾವು ಸಲೀಸಾಗಿ ಹೇಳುತ್ತೇವೆ. ‘ಡೈಡ್ ಮ್ಯಾನ್’, ‘ಸ್ಲೆಪ್ಟ್ ಬೇಬಿ’, ‘ಕಮ್ ಗೆಸ್ಟ್ಸ್’ ಮೂರೂ ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ಅವು ‘ಡೆಡ್ ಮ್ಯಾನ್’, ‘ಸ್ಲೀಪಿಂಗ್ ಬೇಬಿ’, ‘ಗೆಸ್ಟ್ಸ್ ಹೂ ಹ್ಯಾವ್ ಕಮ್’ ಆಗಬೇಕು. ಹಾಗಾದರೆ ‘ಫಾಲನ್ ಲೀವ್ಸ್’, ‘ರಿಟೈರ್ಡ್ ಟೀಚರ್’, ‘ಎಕ್ಸ್‌ಪೈರ್ಡ್ ಪಾಸ್‌ಪೋರ್ಟ್’, ‘ಎಸ್ಕೇಪ್ಡ್ ಪ್ರಿಸನರ್’, ‘ಫೇಡೆಡ್ ಫೋಟೋ’ ಹೇಗೆ ಸರಿ? ಇವೂ ಅಕರ್ಮಕವೇ.

ವ್ಯತ್ಯಾಸ ಇರುವುದು ಕ್ರಿಯೆ ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದರಲ್ಲಿ. ಎಲೆ ಉದುರಿದ ಮೇಲೆ ಅದು ಬೇರೆಯೇ ಸ್ಥಿತಿಯಲ್ಲಿದೆ, ಪಾಸ್‌ಪೋರ್ಟ್ ಅವಧಿ ಮುಗಿದ ಮೇಲೆ ನಿರುಪಯೋಗಿಯಾಗಿ ಉಳಿಯುತ್ತದೆ. ಹೀಗೆ ಸ್ಥಿತಿ ಬದಲಾಗಿ, ಆ ಬದಲಾವಣೆ ನಿಂತುಕೊಳ್ಳುವ ಕ್ರಿಯಾಪದಗಳ ವಿ-3 ವಿಶೇಷಣವಾಗಬಲ್ಲದು. ನಗು, ಓಡು, ಮಲಗು, ದುಡಿ ಇವು ಬರೀ ಚಟುವಟಿಕೆ. ನಿಂತ ಮೇಲೆ ಗುರುತು ಉಳಿಸುವುದಿಲ್ಲ. ‘ಲಾಫ್ಡ್ ಮ್ಯಾನ್’, ‘ವರ್ಕ್ಡ್ ಸ್ಟಾಫ್’ ಆಗದಿರುವುದು ಅದಕ್ಕೇ. ‘ಡೈ’ ಮಾತ್ರ ಸ್ಥಿತಿ ಬದಲಿಸಿದರೂ ಹೊರಗುಳಿದಿದೆ, ‘ಡೆಡ್’ ಎಂಬ ಸಿದ್ಧ ವಿಶೇಷಣ ಆ ಜಾಗವನ್ನು ಮೊದಲೇ ಹಿಡಿದುಕೊಂಡಿದೆ.

ಒಂದು ಸಮಾಧಾನ: ‘ಬೋರಿಂಗ್’ ವಿಷಯದಲ್ಲಿ ದಾರಿ ತಪ್ಪಿಸಿದ ಕನ್ನಡದ ಕಾಲಪ್ರಜ್ಞೆ ಇಲ್ಲಿ ಕೈಹಿಡಿಯುತ್ತದೆ. ಅಕರ್ಮಕಗಳಲ್ಲಿ ಐ-ಎನ್-ಜಿಗೂ ವಿ-3ಕ್ಕೂ ಇರುವ ವ್ಯತ್ಯಾಸ ನಿಜಕ್ಕೂ ನಡೆಯುತ್ತಿರುವುದು ಮತ್ತು ಮುಗಿದಿರುವುದರದ್ದೇ. ‘ಫಾಲಿಂಗ್ ಲೀವ್ಸ್’ ಎಂದರೆ ಉದುರುತ್ತಿರುವ ಎಲೆಗಳು, ‘ಫಾಲನ್ ಲೀವ್ಸ್’ ಎಂದರೆ ಉದುರಿದ ಎಲೆಗಳು. ‘ಡೆವಲಪಿಂಗ್ ಕಂಟ್ರಿ’, ‘ಡೆವಲಪ್ಡ್ ಕಂಟ್ರಿ’ ಜೋಡಿಯೂ ಹಾಗೆಯೇ.

ಗಡಿಯಲ್ಲಿ ನಿಂತ ಕೆಲವಕ್ಕೆ ಕ್ರಿಯಾವಿಶೇಷಣದ ಊರುಗೋಲು ಬೇಕು. ‘ಅರೈವ್ಡ್ ಗೆಸ್ಟ್ಸ್’ ಆಗದು, ‘ನ್ಯೂಲಿ ಅರೈವ್ಡ್ ಗೆಸ್ಟ್ಸ್’ ಆದೀತು. ಇನ್ನು ‘ವೆಲ್-ರೆಡ್’ (ಬಹಳ ಓದಿಕೊಂಡ), ‘ವೆಲ್-ಟ್ರಾವೆಲ್ಡ್’, ‘ಸಾಫ್ಟ್-ಸ್ಪೋಕನ್’, ‘ವೆಲ್-ಬಿಹೇವ್ಡ್’ ಪದಗಳು ಎರಡನೆಯ ಪ್ರಶ್ನೆಯನ್ನೇ ಮುರಿಯುತ್ತವೆ. ಓದಿದವರು, ಸುತ್ತಿದವರು, ಮಾತಾಡುವವರು ಇಲ್ಲಿ ಕರ್ತೃಗಳೇ. ಇವನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು, ನಿಯಮದಿಂದ ಹುಟ್ಟಿಸಲಾಗದು. ‘ಫಾರಿನ್-ರಿಟರ್ನ್ಡ್’ ಇದೇ ಸಾಲಿನ ಭಾರತೀಯ ಇಂಗ್ಲಿಷಿನ ಕೂಸು. ಇಲ್ಲಿನವರಿಗೆ ಬರೆಯುವಾಗ ತೊಂದರೆಯಿಲ್ಲ, ಹೊರಗಿನವರಿಗೆ ಬರೆಯುವಾಗ ಬಿಡಿಸಿ ಹೇಳಿ.

ಲಕ್ಷಣ: ಜಾಗ ತಪ್ಪಿದೆ

‘ಅವಸರದಲ್ಲಿ ಬರೆದ ಪತ್ರ’ವನ್ನು ಇದ್ದಂತೆಯೇ ಎತ್ತಿಟ್ಟರೆ ‘ಎ ರಿಟನ್ ಇನ್ ಹೇಸ್ಟ್ ಲೆಟರ್’ ಆಗುತ್ತದೆ. ವಿ-3ರ ಬಲಗಡೆ ‘ಇನ್ ಹೇಸ್ಟ್’ ಎಂಬ ಬಾಲವಿದೆ. ಬಾಲವಿದ್ದರೆ ನಾಮಪದ ಮೊದಲು, ವಿ-3 ನಂತರ: ‘ಎ ಲೆಟರ್ ರಿಟನ್ ಇನ್ ಹೇಸ್ಟ್’. ವಿವರಣೆ ವಿ-3ರ ಎಡಗಡೆಗೆ ಬರುವಂತಿದ್ದರೆ ನಾಮಪದಕ್ಕೆ ಮೊದಲೇ ಇಡಬಹುದು: ‘ಎ ಹೇಸ್ಟಿಲಿ ರಿಟನ್ ಲೆಟರ್’. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಮೂರನೆಯ ದಾರಿ ಇಲ್ಲ.

ಬಾಲವಿಲ್ಲದಿದ್ದರೂ ಜಾಗ ಬದಲಾದೊಡನೆ ಅರ್ಥ ಬದಲಾಗುವ ಪದಗಳಿವೆ. ಕಚೇರಿ ಪತ್ರಗಳ ‘ದಿ ಕನ್ಸರ್ನ್ಡ್ ಆಫೀಸರ್’ ಇದಕ್ಕೆ ಮೊದಲ ಉದಾಹರಣೆ. ನಾಮಪದಕ್ಕೆ ಮೊದಲು ಬಂದ ‘ಕನ್ಸರ್ನ್ಡ್’ ಅನ್ನು ಹೊರಗಿನ ಓದುಗರು ಚಿಂತೆಗೀಡಾದ ಎಂದು ಓದುತ್ತಾರೆ. ಸಂಬಂಧಪಟ್ಟ ಅಧಿಕಾರಿ ಎನ್ನಲು ‘ದಿ ಆಫೀಸರ್ ಕನ್ಸರ್ನ್ಡ್’ ಎನ್ನಬೇಕು. ‘ಆ್ಯನ್ ಇನ್ವಾಲ್ವ್ಡ್ ಪ್ರೊಸೀಜರ್’ ಎಂದರೆ ಜಟಿಲ ವಿಧಾನ. ‘ದಿ ಪೀಪಲ್ ಇನ್ವಾಲ್ವ್ಡ್’ ಎಂದರೆ ಅದರಲ್ಲಿ ಭಾಗಿಯಾದವರು. ‘ಎ ಯೂಸ್ಡ್ ಕಾರ್’ ಸೆಕೆಂಡ್ ಹ್ಯಾಂಡ್ ಕಾರು, ಹಾಗಾಗಿ ಪ್ರಯೋಗ ವರದಿಯಲ್ಲಿ ‘ದಿ ಯೂಸ್ಡ್ ಮೆಥಡ್’ ಎಂದರೆ ವಿಧಾನವೇ ಹಳೆಯ ಮಾಲು ಎನಿಸುತ್ತದೆ. ‘ದಿ ಮೆಥಡ್ ಯೂಸ್ಡ್’ ಎನ್ನಿ. ‘ಆನ್ ಎ ಗಿವನ್ ಡೇ’ ಎಂದರೆ ಯಾವುದೋ ಒಂದು ದಿನ. ಅರ್ಜಿಯಲ್ಲಿ ಕೊಟ್ಟ ದಿನಾಂಕ ‘ದಿ ಡೇಟ್ ಗಿವನ್’. ‘ದಿ ಮೆನ್ಶನ್ಡ್ ಬುಕ್’ ತಪ್ಪಲ್ಲದಿದ್ದರೂ ಒರಟು. ‘ದಿ ಬುಕ್ ಮೆನ್ಶನ್ಡ್ ಅಬೌವ್’ ಅಥವಾ ‘ದಿ ಅಬೌವ್-ಮೆನ್ಶನ್ಡ್ ಬುಕ್’ ಸಲೀಸು.

ಲಕ್ಷಣ: ಬೇಡದ ಕಡೆ ಇ-ಡಿ

ಸಿದ್ಧ ವಿಶೇಷಣ ಇರುವಾಗ ಕ್ರಿಯಾಪದದಿಂದ ಹೊಸದನ್ನು ತಯಾರಿಸುವುದು ಈ ದೋಷ. ಅಂಗಡಿಯ ಫಲಕ ‘ಕ್ಲೋಸ್ಡ್’ ಎಂದು ಹೇಳುತ್ತದೆ ಎಂದಮೇಲೆ ತೆರೆದಾಗ ‘ಓಪನ್ಡ್’ ಎಂದಿರಬೇಕಲ್ಲವೇ? ಇಲ್ಲ. ತೆರೆದ ಸ್ಥಿತಿಗೆ ‘ಓಪನ್’ ಎಂಬ ವಿಶೇಷಣ ಮೊದಲೇ ಇದೆ. ಮುಚ್ಚಿದ ಸ್ಥಿತಿಗೆ ಅಂಥದ್ದಿಲ್ಲ, ‘ಕ್ಲೋಸ್’ ಎಂಬ ವಿಶೇಷಣಕ್ಕೆ ಹತ್ತಿರ ಎಂಬ ಅರ್ಥ ಮೀಸಲಾಗಿದೆ. ಆದ್ದರಿಂದ ‘ಓಪನ್’, ‘ಕ್ಲೋಸ್ಡ್’ ಎಂಬ ವಿಜೋಡಿಯೇ ಸರಿ.

‘ಎ ಮೆಚ್ಯೂರ್ಡ್ ಪರ್ಸನ್’ ಬದಲು ‘ಮೆಚ್ಯೂರ್’. ‘ಮೆಚ್ಯೂರ್ಡ್’ ಅವಧಿ ಮುಗಿದ ಪಾಲಿಸಿಗೆ, ಹದಕ್ಕೆ ಬಂದ ಚೀಸಿಗೆ. ಲಂಚಕೋರ ಅಧಿಕಾರಿ ‘ಕರಪ್ಟ್’, ಕೆಟ್ಟುಹೋದ ಕಂಪ್ಯೂಟರ್ ಕಡತ ‘ಕರಪ್ಟೆಡ್’ (ಕಡತಕ್ಕೆ ‘ಕರಪ್ಟ್’ ಕೂಡ ನಡೆಯುತ್ತದೆ). ಖಾಲಿ ಡಬ್ಬಿ ‘ಎಂಪ್ಟಿ’, ಯಾರೋ ಈಗಷ್ಟೇ ಖಾಲಿ ಮಾಡಿದ್ದನ್ನು ಒತ್ತಿ ಹೇಳಬೇಕಾದರೆ ಮಾತ್ರ ‘ಎಂಪ್ಟೀಡ್’. ಹಿಂದೆ ಒಂದು ಕ್ರಿಯೆ ನಡೆದಿದೆ ಎಂಬುದು ಓದುಗರಿಗೆ ಬೇಕೇ? ಬೇಕಾದರೆ ಇ-ಡಿ ಇರಲಿ, ಸ್ಥಿತಿ ಮಾತ್ರ ಸಾಕಾದರೆ ಸಿದ್ಧ ವಿಶೇಷಣ ಬಳಸಿ.

ಕ್ರಿಯಾಪದವೇ ಇಲ್ಲದೆ ನಾಮಪದಕ್ಕೆ ನೇರ ಅಂಟಿದ ಇ-ಡಿಯೂ ಉಂಟು: ಟ್ಯಾಲೆಂಟೆಡ್, ಬ್ಲೂ-ಐಡ್, ಲಾಂಗ್-ಹೇರ್ಡ್, ತ್ರೀ-ಲೆಗ್ಡ್. ಅಲ್ಲಿ ಇ-ಡಿ ಎಂದರೆ ‘ಉಳ್ಳ’. ಒಂದು ಕಾಲಕ್ಕೆ ‘ಟ್ಯಾಲೆಂಟೆಡ್’ ಪದವನ್ನೂ ಇಂಗ್ಲಿಷಿನ ಮಡಿವಂತರು ಒಪ್ಪಿರಲಿಲ್ಲ. ಈಗ ಯಾರೂ ತಕರಾರು ಮಾಡುವುದಿಲ್ಲ.

ಸಣ್ಣಪುಟ್ಟ ಬಿರುಕುಗಳು

ಹೈಫನ್: ನಾಮಪದಕ್ಕೆ ಮೊದಲಾದರೆ ‘ಎ ವೆಲ್-ನೋನ್ ರೈಟರ್’ ಎಂದು ಹೈಫನ್ ಹಾಕಿ, ‘ದಿ ರೈಟರ್ ಈಸ್ ವೆಲ್ ನೋನ್’ ಎಂಬಲ್ಲಿ ಸಾಮಾನ್ಯವಾಗಿ ಬೇಡ. ಎಲ್-ವೈನಲ್ಲಿ ಮುಗಿಯುವ ಕ್ರಿಯಾವಿಶೇಷಣದ ನಂತರ ಬೇಡವೇ ಬೇಡ: ‘ಎ ರೀಸೆಂಟ್ಲಿ ಪಬ್ಲಿಶ್ಡ್ ಬುಕ್’.

ಜೊತೆಗೆ ಬರುವ ಪ್ರಿಪೊಸಿಶನ್ ಪದದೊಂದಿಗೇ ಕಲಿಯಬೇಕಾದದ್ದು. ಇಂಟರೆಸ್ಟೆಡ್ ‘ಇನ್’, ಸ್ಯಾಟಿಸ್ಫೈಡ್ ‘ವಿತ್’, ವರೀಡ್ ‘ಅಬೌಟ್’, ಅಕಸ್ಟಮ್ಡ್ ‘ಟು’. ಮದುವೆ ಆದದ್ದು ‘ಮ್ಯಾರೀಡ್ ಟು’. ‘ಮ್ಯಾರೀಡ್ ವಿತ್ ಟು ಚಿಲ್ಡ್ರನ್’ ಎಂದರೆ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಎಂದಷ್ಟೇ ಅರ್ಥ.

‘ವೆರಿ’ ಪೂರ್ತಿ ವಿಶೇಷಣವಾಗಿ ಪಳಗಿದ ವಿ-3ಕ್ಕೆ ಮಾತ್ರ ಹೊಂದುತ್ತದೆ: ‘ವೆರಿ ಟೈರ್ಡ್’, ‘ವೆರಿ ಎಕ್ಸ್‌ಪೀರಿಯನ್ಸ್ಡ್’. ಇನ್ನೂ ಕ್ರಿಯೆಯ ವಾಸನೆ ಉಳಿದಿರುವುದಕ್ಕೆ ‘ಮಚ್’ ಅಥವಾ ‘ವೈಡ್ಲಿ’ಯಂಥದ್ದು: ‘ಎ ಮಚ್-ಡಿಸ್ಕಸ್ಡ್ ಪ್ಲ್ಯಾನ್’, ‘ವೆರಿ ಡಿಸ್ಕಸ್ಡ್’ ಅಲ್ಲ.

ವಾಕ್ಯದ ತಲೆಯಲ್ಲಿ ನೇತಾಡುವ ವಿ-3 ಇದ್ದರೆ ಅಲ್ಪವಿರಾಮ ದಾಟಿದೊಡನೆ ಸಿಗುವ ನಾಮಪದವನ್ನು ಹಿಡಿದು ವಿಚಾರಿಸಿ. ‘ಪೇಂಟೆಡ್ ಲಾಸ್ಟ್ ವೀಕ್, ಐ ಲೈಕ್ ದಿ ಡೋರ್’ ಎಂಬಲ್ಲಿ ಬಣ್ಣ ಬಳಿಸಿಕೊಂಡವರು ನೀವೇ ಆಗುತ್ತೀರಿ.

ಒಂದು ಟಿಪ್ಪಣಿಯ ದುರಸ್ತಿ

‘ಪ್ಲೀಸ್ ಫೈಂಡ್ ದಿ ಅಟ್ಯಾಚ್ ರಿಪೋರ್ಟ್. ಇನ್‌ಸ್ಪೆಕ್ಟೆಡ್ ಆನ್ ಮಂಡೇ, ವಿ ಫೌಂಡ್ ಟು ಬ್ರೋಕ್ ವಾಲ್ವ್ಸ್ ಇನ್ ದಿ ಪಂಪ್. ದಿ ಕನ್ಸರ್ನ್ಡ್ ಎಂಜಿನಿಯರ್ ಹ್ಯಾಸ್ ಸೀನ್ ದಿ ಟೇಕನ್ ಬೈ ಅಸ್ ಫೋಟೋಸ್. ದಿ ಮೇನ್ ಗೇಟ್ ಈಸ್ ನೌ ಓಪನ್ಡ್.’

ಮೊದಲ ವಾಕ್ಯದಲ್ಲಿ ಇ-ಡಿ ಬಿದ್ದಿದೆ: ‘ದಿ ಅಟ್ಯಾಚ್ಡ್ ರಿಪೋರ್ಟ್’. ಎರಡನೆಯದರಲ್ಲಿ ದೋಷ ಎರಡು. ‘ಬ್ರೋಕ್’ ವಿ-2, ಜೊತೆಗೆ ಅಲ್ಪವಿರಾಮದ ನಂತರ ‘ವಿ’ (ನಾವು) ಬಂದು ತಪಾಸಣೆಗೆ ಒಳಗಾದವರು ಬರೆದವರೇ ಆಗಿದ್ದಾರೆ. ‘ಬ್ರೋಕನ್’ ಮಾಡಿ ಪಂಪನ್ನು ಮುಂದಕ್ಕೆ ತಂದರೆ ಎರಡೂ ಬಗೆಹರಿಯುತ್ತವೆ: ‘ದಿ ಪಂಪ್, ಇನ್‌ಸ್ಪೆಕ್ಟೆಡ್ ಆನ್ ಮಂಡೇ, ಹ್ಯಾಡ್ ಟು ಬ್ರೋಕನ್ ವಾಲ್ವ್ಸ್’. ಮೂರನೆಯದರಲ್ಲಿ ‘ದಿ ಎಂಜಿನಿಯರ್ ಕನ್ಸರ್ನ್ಡ್’ ಆಗಬೇಕು, ‘ಬೈ ಅಸ್’ ಎಂಬ ಬಾಲವಿರುವುದರಿಂದ ‘ದಿ ಫೋಟೋಸ್ ಟೇಕನ್ ಬೈ ಅಸ್’. ‘ದಿ ಫೋಟೋಸ್ ವಿ ಟುಕ್’ ಎಂದರೆ ಇನ್ನೂ ಹಗುರ, ವಿ-3ರ ಗೊಡವೆಯೇ ಇರುವುದಿಲ್ಲ. ಕೊನೆಯ ವಾಕ್ಯವನ್ನು ತಿದ್ದುವ ಮೊದಲು ಬರೆದವರನ್ನು ಕೇಳಬೇಕು. ಗೇಟು ಈಗ ತೆರೆದಿದೆ, ಬರಬಹುದು ಎಂದಾದರೆ ‘ಈಸ್ ನೌ ಓಪನ್’. ಮುಚ್ಚಿದ್ದ ಗೇಟನ್ನು ಯಾರೋ ತೆಗೆದಿದ್ದಾರೆ ಎಂದು ವರದಿ ಮಾಡುವುದಾದರೆ ‘ಹ್ಯಾಸ್ ನೌ ಬೀನ್ ಓಪನ್ಡ್’.